ಅಟ್ಟಣೆ ಹುಡುಗ, ಬಿಡಾಡಿ ನಾಯಿ ಮತ್ತು ಒಂದು ಕ್ಲಚ್ ವಯರು

ಇದು ಚಾಮರಾಜನಗರ ಜಿಲ್ಲೆಯ ಕಾಡಂಚಿನ ಒಂದು ಊರಿನಲ್ಲಿ ಕೆಲವು ವರ್ಷದ ಹಿಂದೆ ನಡೆದದ್ದು. ಊರಿನ ಹೆಸರು ಹೇಳುವುದಿಲ್ಲ. ಹುಡುಗನನ್ನು ಸಿದ್ದ ಅಂತ ಕರೆಯುತ್ತೇನೆ, ನಾಯಿಯನ್ನು ಬೊಮ್ಮ ಅಂತ. ನಾಯಿಯ ಹೆಸರನ್ನೂ ಬದಲಿಸಬೇಕಾಯಿತು, ಯಾಕೆಂದರೆ ಆ ಸುತ್ತಿನಲ್ಲಿ ಹುಡುಗನಿಗಿಂತ ನಾಯಿಯೇ ಜಾಸ್ತಿ ಜನಕ್ಕೆ ಗೊತ್ತು. ಹುಡುಗ ಮತ್ತು ಅವನ ತಾಯಿ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ, ಗುರುತು ಸಿಗುವ ಒಂದೆರಡು ವಿವರ ತಿರುಗಿಸಿದ್ದೇನೆ. ನಾನು ಆಗ ಅಲ್ಲಿ ಹೈಸ್ಕೂಲ್ ಮೇಷ್ಟ್ರು. ಕಾಡಂಚಿನ ಶಾಲೆಯವರಿಗೆ, ಆಶಾ ಕಾರ್ಯಕರ್ತೆಯರಿಗೆ, ಅರಣ್ಯ ಇಲಾಖೆಯ ಕೆಳಗಿನ ಹಂತದ ಸಿಬ್ಬಂದಿಗೆ ಇದರಲ್ಲಿ ಏನಾದರೂ ಸಿಗಬಹುದು.

ಹಿನ್ನೆಲೆ

ಚಾಮರಾಜನಗರ ಜಿಲ್ಲೆಯ ಹೆಚ್ಚುಕಡಿಮೆ ಅರ್ಧ ಕಾಡು. ಬಂಡೀಪುರ ಒಂದು ಕಡೆ, ಬಿಳಿಗಿರಿರಂಗನ ಬೆಟ್ಟ ಇನ್ನೊಂದು ಕಡೆ, 2013ರಲ್ಲಿ ವನ್ಯಧಾಮವಾದ ಮಲೆ ಮಹದೇಶ್ವರ ಬೆಟ್ಟ ಮತ್ತೊಂದು ಕಡೆ. ಹೊಲ ಮುಗಿದ ಕಡೆಯೇ ಕಾಡು ಶುರು. ರಾಗಿ ತೆನೆ ಕಟ್ಟಿದಾಗ, ಮುಸುಕಿನ ಜೋಳಕ್ಕೆ ಹಾಲು ತುಂಬಿದಾಗ ರಾತ್ರಿ ಯಾರಾದರೂ ಅಟ್ಟಣೆ (ಹೊಲ ಕಾಯಲು ಎತ್ತರಕ್ಕೆ ಕಟ್ಟಿದ ಮಚ್ಚು) ಮೇಲೆ ಇರಲೇಬೇಕು. ಇಲ್ಲದಿದ್ದರೆ ಬೆಳಗ್ಗೆ ಎದ್ದು ನೋಡುವಷ್ಟರಲ್ಲಿ ಹಂದಿ ಹೊಲವನ್ನೇ ಉತ್ತು ಹೋಗಿರುತ್ತೆ.

ಸಿದ್ದನ ಅಪ್ಪ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದರು. ಹೋದರೆ ತಿಂಗಳುಗಟ್ಟಲೆ. ತಾಯಿ, ತಂಗಿ, ಅಜ್ಜಿ ಮನೆಯಲ್ಲಿ. ಹಾಗಾಗಿ ಎಂಟನೇ ಕ್ಲಾಸಿನಿಂದಲೇ ಅಟ್ಟಣೆ ಕಾವಲು ಇವನದ್ದು. ತಗಡಿನ ಡಬ್ಬ, ಬ್ಯಾಟರಿ, ಒಂದು ಕಂಬಳಿ. ಬೆಳಗ್ಗೆ ಕ್ಲಾಸಿನಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದ. ನಾವು ಯಾರೂ ಬೈಯುತ್ತಿರಲಿಲ್ಲ, ಕ್ಲಾಸಿನ ಅರ್ಧ ಹುಡುಗರದ್ದು ಅದೇ ಕಥೆ.

ನಾಯಿ ಬಂದದ್ದು ಒಂದು ಶಿವರಾತ್ರಿಗೆ. ಮಾದಪ್ಪನ ಬೆಟ್ಟಕ್ಕೆ, ಅಂದರೆ ಮಲೆ ಮಹದೇಶ್ವರ ಬೆಟ್ಟಕ್ಕೆ, ನಡೆದುಕೊಂಡು ಹೋಗುವ ಪರಸೆಯ (ಯಾತ್ರೆಯ ಜನರ) ಹಿಂದೆ ಒಂದಿಷ್ಟು ನಾಯಿಗಳು ಅನ್ನದ ಆಸೆಗೆ ಹೊರಟುಬಿಡುತ್ತವೆ. ದಾರಿಯಲ್ಲಿ ಕಾಲು ನೋವಾದದ್ದು, ಮರಿಯಾದದ್ದು ಅಲ್ಲಲ್ಲೇ ಉಳಿಯುತ್ತವೆ. ಬೊಮ್ಮ ಹಾಗೆ ಉಳಿದದ್ದು. ಕಂದು ಬಣ್ಣ, ಒಂದು ಕಿವಿ ಹರಿದಿತ್ತು. ಊರಿನವರು ಮೊದಲು ಕಲ್ಲು ಹೊಡೆದರು. ಸಿದ್ದನ ತಾಯಿಯೂ ಪೊರಕೆ ತೆಗೆದುಕೊಂಡೇ ಓಡಿಸಿದ್ದಂತೆ, ಮೂರು ಹೊತ್ತಿನ ಮುದ್ದೆಗೇ ಲೆಕ್ಕ ಇರುವ ಮನೆ. ಆದರೆ ನಾಯಿ ಮನೆಗೆ ಬರುವುದು ಬಿಟ್ಟು ನೇರ ಅಟ್ಟಣೆ ಕೆಳಗೆ ಹೋಗಿ ಮಲಗುವುದು ಶುರುಮಾಡಿತು. ಹುಡುಗ ತನ್ನ ಬುತ್ತಿಯಲ್ಲೇ ಪಾಲು ಹಾಕಿದ.

ಕಾವಲಿಗೆ ನಾಯಿ ಇದ್ದರೆ ಒಳ್ಳೆಯದಲ್ವಾ ಅಂತ ಹೊರಗಿನವರಿಗೆ ಅನಿಸುತ್ತೆ. ಪೂರ್ತಿ ನಿಜ ಅಲ್ಲ. ಹಂದಿಗೆ ಸರಿ. ಆನೆ ಬಂದರೆ ನಾಯಿಯೇ ಅಪಾಯ: ಬೊಗಳಿ ಕೆಣಕಿ, ಆನೆ ತಿರುಗಿಬಿದ್ದ ಕೂಡಲೇ ಯಜಮಾನನ ಹತ್ತಿರವೇ ಓಡಿಬರುತ್ತೆ, ಹಿಂದೆಯೇ ಆನೆ. ಚಿರತೆಗಂತೂ ನಾಯಿಯೇ ಊಟ. ಮಹಾರಾಷ್ಟ್ರದ ಅಕೋಲೆ ಕಡೆಯ ಹೊಲಗಳಲ್ಲಿ ಚಿರತೆಗಳ ಮೇಲೆ ನಡೆದ ಅಧ್ಯಯನದಲ್ಲಿ, ಅವು ತಿಂದದ್ದರ ತೂಕದಲ್ಲಿ 39% ನಾಯಿಗಳದ್ದೇ ಎಂದು ಬಂದಿತ್ತು. ಸಿದ್ದನಿಗೆ ಈ ಅಂಕಿ ಗೊತ್ತಿರಲಿಲ್ಲ, ವಿಷಯ ಗೊತ್ತಿತ್ತು. ರಾತ್ರಿ ನಾಯಿಯನ್ನು ಏಣಿ ಮೇಲೆ ಹೊತ್ತು ಅಟ್ಟಣೆಗೆ ಏರಿಸಿಕೊಳ್ಳುತ್ತಿದ್ದ. ಹಂದಿಗೆ ಒಂದು ಥರ ಬೊಗಳು, ಆನೆ ವಾಸನೆಗೆ ಇನ್ನೊಂದು ಥರ ಗುರುಗುಟ್ಟುವುದು, ಅವನಿಗೆ ಎರಡೂ ಗೊತ್ತಾಗುತ್ತಿತ್ತು. ಗುರುಗುಟ್ಟಿದರೆ ಬಾಯಿ ಮುಚ್ಚಿಸಿ ಸುಮ್ನೆ ಕೂರುತ್ತಿದ್ದ.

ಸಮಸ್ಯೆ ಶುರುವಾದದ್ದು

ಒಂದು ವರ್ಷದಲ್ಲಿ ಬೊಮ್ಮ ಹಂದಿ ಅಟ್ಟುವುದರಲ್ಲಿ ಹೆಸರು ಮಾಡಿತು. ತೊಂದರೆ ಬಂದದ್ದು ಅಲ್ಲಿಂದಲೇ. ಊರಿನಲ್ಲಿ ರಾತ್ರಿ ಕಾಡಿಗೆ ಇಳಿಯುವ ನಾಲ್ಕೈದು ಜನ ಇದ್ದರು. ಮೊಲ, ಹಂದಿ, ಸಿಕ್ಕರೆ ಜಿಂಕೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ಅಂದರೆ ಬರೀ ಕೋವಿ ಅಲ್ಲ, ಉರುಳು (ಪ್ರಾಣಿ ಸಿಕ್ಕಿಬೀಳುವ ತಂತಿಯ ಕುಣಿಕೆ) ಒಡ್ಡುವುದೂ ಬೇಟೆಯೇ. ಇದು ಎಲ್ಲರಿಗೂ ಗೊತ್ತು. ಆದರೂ ಬೆಳೆ ಕಳೆದುಕೊಂಡವನ ಸಿಟ್ಟು ಬೇರೆ ಲೆಕ್ಕ ಹಾಕುತ್ತೆ. (2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ವಿಷ ಬೆರೆಸಿದ ಹಸುವಿನ ಮಾಂಸ ತಿಂದು ತಾಯಿ ಹುಲಿ, ನಾಲ್ಕು ಮರಿ ಒಟ್ಟಿಗೆ ಸತ್ತವಲ್ಲ, ಆ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಈ ಊರು.)

ಆ ಗುಂಪಿನಲ್ಲಿ ಸಿದ್ದನ ಸೋದರಮಾವನೂ ಒಬ್ಬ. ಕೆಟ್ಟ ಮನುಷ್ಯ ಅಲ್ಲ. ಅಪ್ಪ ಊರಲ್ಲಿಲ್ಲದಾಗ ಮನೆಗೆ ಅಕ್ಕಿ, ಎಣ್ಣೆ ತಂದು ಹಾಕುತ್ತಿದ್ದವನೇ ಅವನು. "ನಾಯಿ ಕರ್ಕೊಂಡು ಬಾರ್ಲಾ, ನೀನೂ ಗಂಡ್ಸಾದೆ" ಅಂತ ಹುಡುಗನನ್ನು ಕರೆಯತೊಡಗಿದ. ಹದಿನಾಲ್ಕು ವರ್ಷದ ಹುಡುಗನಿಗೆ ದೊಡ್ಡವರ ಜೊತೆ ಬೀಡಿ ಬೆಂಕಿ ಸುತ್ತ ಕೂರುವ ಅವಕಾಶ ಸಣ್ಣದಲ್ಲ. ಎರಡು ಮೂರು ಸಲ ಹೋಗಿದ್ದಾನೆ. ಕ್ಲಾಸಿನಲ್ಲಿ ಅದನ್ನು ಹೇಳಿಕೊಂಡು ತಿರುಗಿದ್ದೂ ಹೌದು.

ಒಂದು ಸಂಜೆ ಮಾವ ಅವನ ಕೈಗೆ ಬೈಕಿನ ಹಳೇ ಕ್ಲಚ್ ವಯರುಗಳ ಒಂದು ಕಟ್ಟು ಕೊಟ್ಟ. ತುದಿಗೆ ಡ್ರಿಪ್ ಪೈಪಿನ ತುಂಡು ಸಿಕ್ಕಿಸಿ, ಮೇಲೆ ಹಳದಿ ಟೇಪು ಸುತ್ತುವ ಕೆಲಸ. ಎಳೆಯುವಾಗ ಕೈ ಕುಯ್ಯಬಾರದಲ್ಲ. ಬೇಲಿಗೆ ಬೇಕು ಅಂದಿದ್ದನಂತೆ. ಹುಡುಗ ನಂಬಿದ, ಅಥವಾ ನಂಬಿದ ಹಾಗೆ ಇದ್ದ. ಆಮೇಲೆ ಕೇಳಿದಾಗ ಅವನಿಗೇ ಯಾವುದು ಅಂತ ಸರಿಯಾಗಿ ಹೇಳಲು ಆಗಲಿಲ್ಲ.

ಕೆಲವು ವಾರ ಕಳೆದು, ಒಂದು ನಸುಕಿನಲ್ಲಿ ಬೊಮ್ಮ ಅಟ್ಟಣೆಯಿಂದ ಇಳಿದು ಹೋದದ್ದು ವಾಪಸ್ ಬರಲಿಲ್ಲ. ಮಾವನ ಅರಿಶಿನದ ಹೊಲ ದಾಟಿ, ಬೇಲಿ ಸಂದಿಯಲ್ಲಿ ಕಿರುಚುವುದು ಕೇಳಿಸಿತು. ಮುಂಗಾಲು, ಎದೆ ಸೇರಿಸಿ ಉರುಳು ಬಿಗಿದಿತ್ತು. ಇಂಥ ಉರುಳು ಹಿಂದಕ್ಕೆ ಎಳೆದಷ್ಟೂ ಬಿಗಿಯುತ್ತೆ. ಬಿಡಿಸಬೇಕು ಅಂದರೆ ಪ್ರಾಣಿಯನ್ನು ಗೂಟದ ಕಡೆಗೇ ತಳ್ಳಿ ವಯರು ಸಡಿಲ ಮಾಡಬೇಕು. ಹುಡುಗ ತಳ್ಳಿದ. ನೋವಿಗೆ ನಾಯಿ ತಿರುಗಿ ಅವನ ಬಲಗೈ ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿತು. ಹಲ್ಲು ಎರಡೂ ಕಡೆ ಇಳಿಯಿತು. ಆಮೇಲೆ ಕಂಬಳಿ ತಂದು ನಾಯಿಯ ತಲೆ ಮೇಲೆ ಹಾಕಿ, ಮೊಣಕಾಲಲ್ಲಿ ಒತ್ತಿ ಹಿಡಿದು, ಎಡಗೈಯಲ್ಲಿ ವಯರಿನ ಗಂಟು ಜಾರಿಸಿದ. ಗಂಟಿನ ಹತ್ತಿರ ಡ್ರಿಪ್ ಪೈಪಿನ ತುಂಡು ಸಿಕ್ಕಿತು, ಅದರ ಮೇಲೆ ಹಳದಿ ಟೇಪು. ತಾನೇ ಸುತ್ತಿದ್ದು. ಕೊನೆಯ ಸುತ್ತನ್ನು ಹಲ್ಲಲ್ಲಿ ಕಚ್ಚಿ ಹರಿದಿದ್ದ ಗುರುತೂ ಇತ್ತಂತೆ.

ಹುಡುಗ ನಾಯಿಯನ್ನು ಹೊತ್ತುಕೊಂಡು ಅಟ್ಟಣೆಗೆ ಬಂದ. ಕೈಗೆ ಅರಿಶಿನ ಪುಡಿ ಮೆತ್ತಿ ಬಟ್ಟೆ ಕಟ್ಟಿದ. ಮನೆಯಲ್ಲಿ, ಶಾಲೆಯಲ್ಲಿ ಎಲ್ಲ ಕಡೆ ಒಂದೇ ಮಾತು: ಕುಡುಗೋಲು ತಗುಲಿತು.

ಮುಚ್ಚಿಟ್ಟದ್ದು ಹೇಗೆ ಹೊರಬಂತು

ಇದನ್ನು ಕಂಡುಹಿಡಿದದ್ದು ಮೇಷ್ಟ್ರುಗಳಲ್ಲ. ಬಿಸಿಯೂಟದ ಅಡುಗೆಯ ಅಕ್ಕ. ಎರಡನೇ ದಿನ ಹುಡುಗ ಎಡಗೈಯಲ್ಲಿ ಊಟ ಮಾಡುತ್ತಿದ್ದ, ಬಟ್ಟೆ ಸ್ವಲ್ಪ ಜಾರಿತ್ತು. ಅಕ್ಕ ಬಂದು ನನಗೆ ಹೇಳಿದರು: "ಕುಡ್ಲು ಗಾಯ ಒಂದ್ ಕಡೆ ಇರ್ತದೆ ಸಾ. ಇದು ಆಚೆಗೂ ಅದೆ, ಈಚೆಗೂ ಅದೆ."

ಹುಡುಗನನ್ನು ಸ್ಟಾಫ್ ರೂಮಿಗೆ ಕರೆಯಲಿಲ್ಲ. ಅಲ್ಲಿ ಕರೆದರೆ ಇಡೀ ಶಾಲೆಗೆ ಗೊತ್ತಾಗುತ್ತೆ. ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಹಿಂದುಗಡೆ ಕರೆದುಕೊಂಡು ಹೋದೆ. ನಾಯಿ ಕಚ್ಚಿದ್ದಾ ಅಂತ ಕೇಳಿದೆ. ಉತ್ತರದ ಬದಲು ಅವನೇ ನನ್ನನ್ನು ಕೇಳಿದ: "ನಾಯಿನ ಏನ್ ಮಾಡ್ತೀರ ಸಾ?"

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವ ತಿರುವು ಇದೇ. ಹುಡುಗನಿಗೆ ಹುಚ್ಚುನಾಯಿ ರೋಗ (ರೇಬಿಸ್) ಗೊತ್ತಿರಲಿಲ್ಲ ಅಂತಲ್ಲ. ಏಳನೇ ಕ್ಲಾಸಿನ ಪಾಠದಲ್ಲೇ ಓದಿದ್ದ. ಆದರೆ ಕಚ್ಚಿದ ನಾಯಿಗೆ ಊರಿನಲ್ಲಿ ಏನಾಗುತ್ತೆ ಅಂತಲೂ ನೋಡಿದ್ದ: ದೊಣ್ಣೆ, ಇಲ್ಲವೇ ಅನ್ನದಲ್ಲಿ ವಿಷ. ಅದರ ಹಿಂದೆ ಇನ್ನೊಂದು ಭಯ. ಹೇಗೆ ಕಚ್ಚಿತು ಅಂತ ಹೇಳಿದರೆ ಉರುಳು ಬರುತ್ತೆ, ಉರುಳು ಬಂದರೆ ಮಾವ, ಮಾವ ಬಂದರೆ ಟೇಪು ಸುತ್ತಿದ ತಾನು. ಜೈಲು ಅನ್ನುವ ಪದ ಅವನ ತಲೆಯಲ್ಲಿ ಎರಡು ದಿನದಿಂದ ಓಡಾಡುತ್ತಿತ್ತು.

ನಾನು ಎರಡು ಮಾತು ಕೊಟ್ಟೆ. ಒಂದು, ನಾಯಿಯನ್ನು ಯಾರೂ ಸಾಯಿಸುವುದಿಲ್ಲ, ಅದು ಬದುಕಿರುವುದೇ ನಮಗೆ ಬೇಕಾದದ್ದು. ಎರಡು, ಎಲ್ಲಿ ಸಿಕ್ಕಿತು ಅಂತ ಮಾತ್ರ ಕೇಳುತ್ತೇನೆ, ಯಾರು ಇಟ್ಟದ್ದು ಅಂತ ಕೇಳುವುದಿಲ್ಲ. ಇದಾದ ಮೇಲೆ ಹುಡುಗ ಎಲ್ಲ ಹೇಳಿದ. ಯಾರು ಅನ್ನುವುದನ್ನೂ ಸೇರಿಸಿ, ಕೇಳದೆಯೇ.

ಏನೇನು ಮಾಡಿದೆವು

ಮೊದಲು ಕೊಳಾಯಿ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆಸಿದ್ದು. ಎರಡು ದಿನ ತಡವಾಗಿತ್ತು, ಆದರೂ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಇವೆಲ್ಲ ಗಾಯಕ್ಕೆ ಮೆತ್ತುವುದರಿಂದ ರೇಬಿಸ್ ನಿಲ್ಲುವುದಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇತ್ತು. ರಕ್ತ ಬಂದಿರುವ ಕಚ್ಚು ಮೂರನೇ ದರ್ಜೆಯದ್ದು, ಬರೀ ಲಸಿಕೆ ಸಾಲದು, ಗಾಯದ ಸುತ್ತಲೇ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಲಸಿಕೆ ಕೆಲಸ ಶುರುಮಾಡಲು ದಿನ ಬೇಕಾಗುತ್ತೆ, ಅಲ್ಲಿಯವರೆಗೆ ಗಾಯದಲ್ಲೇ ವೈರಸ್ಸನ್ನು ತಡೆಯುವುದು ಇದು. ಅದಕ್ಕೆ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕಾಯಿತು. ತಾಯಿ ಕೂಲಿ ಬಿಟ್ಟು ಬಂದರು. ದಾರಿಯುದ್ದಕ್ಕೂ ಮಗನಿಗೆ ಒಂದು ಮಾತೂ ಬೈಯಲಿಲ್ಲ. ಬಸ್ಸಿನಲ್ಲಿ ಅವನ ಗಾಯದ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದರು.

ಚರ್ಮದ ಒಳಗೆ ಕೊಡುವ ಲಸಿಕೆಯ ವೇಳಾಪಟ್ಟಿ 0, 3, 7, 28ನೇ ದಿನ, ಪ್ರತಿ ಸಲ ಎರಡೂ ತೋಳಿಗೆ. ಮೊದಲ ಮೂರಕ್ಕೆ ಜನ ಬರುತ್ತಾರೆ. ಆಮೇಲಿನ ಮೂರು ವಾರದಲ್ಲಿ ಗಾಯ ಒಣಗಿರುತ್ತೆ, ಭಯವೂ ಒಣಗಿರುತ್ತೆ, 28ನೇ ದಿನದ್ದು ಬಿಟ್ಟುಹೋಗುತ್ತೆ. ನಮ್ಮ ಅದೃಷ್ಟಕ್ಕೆ ಆ ದಿನ ಸಂತೆ ಬಿತ್ತು. ಸಂತೆಗೆ ಹೋಗುವ ಗಾಡಿಯಲ್ಲೇ ಕಳಿಸಿದೆವು.

ನಾಯಿಯದ್ದು ಇದಕ್ಕಿಂತ ಕಷ್ಟವಾಯಿತು. ಊರಿನಲ್ಲಿ ಸುದ್ದಿ ಹಬ್ಬಿತ್ತು, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಇಬ್ಬರು ಬಂದು "ಹೊಡೆದು ಹಾಕಿ ಮೇಷ್ಟ್ರೆ, ನಾಳೆ ಇನ್ನೊಂದು ಮಗುವಿಗೆ ಕಚ್ಚಿದರೆ?" ಅಂದರು. ಅವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಕಚ್ಚುವಾಗ ನಾಯಿಯ ಜೊಲ್ಲಿನಲ್ಲಿ ರೇಬಿಸ್ ಇದ್ದಿದ್ದರೆ ಅದು ಹತ್ತು ದಿನದೊಳಗೆ ಕಾಯಿಲೆ ಬಿದ್ದು ಸಾಯುತ್ತೆ. ಹತ್ತು ದಿನ ಕಳೆದೂ ಗಟ್ಟಿಯಾಗಿದ್ದರೆ ಆ ಕಚ್ಚಿನಿಂದ ಭಯ ಇಲ್ಲ. ಹೊಡೆದು ಹೂತರೆ ಈ ಉತ್ತರ ಯಾವತ್ತೂ ಸಿಗುವುದಿಲ್ಲ. ಹತ್ತು ದಿನ ಕಾದು ಆಮೇಲೆ ಲಸಿಕೆ ಹಾಕಿಸೋಣ ಅಂತಲ್ಲ, ಲಸಿಕೆ ಮೊದಲ ದಿನವೇ ಶುರುವಾಗಬೇಕು. ಇವೆರಡೂ ಜೊತೆಜೊತೆಗೆ ನಡೆಯಬೇಕು ಅಂತ ಊರಿನವರಿಗೆ ತಿಳಿಸಿದ್ದು ನಾನಲ್ಲ, ಪಶು ಆಸ್ಪತ್ರೆಯ ಡಾಕ್ಟರು. ಅವರು ಬಂದು ನಾಯಿಯ ಎದೆಯ ಗಾಯ ಕ್ಲೀನ್ ಮಾಡಿ, ಅದರ ಮುಂಗಾಲಿನ ಒಂದು ಬೆರಳು ಕೊಳೆತಿದ್ದನ್ನು ತೆಗೆದರು. ನಾಯಿಗೆ ರೇಬಿಸ್ ಲಸಿಕೆ ಆ ಹತ್ತು ದಿನದಲ್ಲಿ ಹಾಕಲಿಲ್ಲ, ನಿಗಾ ಮುಗಿದ ಮೇಲೆ ಹಾಕಿದರು.

ನಾಯಿಯನ್ನು ಸಿದ್ದನ ಮನೆಯ ಹಿಂದೆ, ತಂಗಿಗೆ ಸಿಗದ ಹಾಗೆ ಚೈನು ಹಾಕಿ ಕಟ್ಟಿದರು. ಹುಡುಗನಿಗೆ ಒಂದು ನೋಟ್‌ಬುಕ್ ಕೊಟ್ಟೆ. ನೀರು ಕುಡಿಯಿತಾ, ತಿಂದಿತಾ, ದವಡೆ ಜೋತುಬಿದ್ದಿದೆಯಾ, ದನಿ ಬದಲಾಯಿತಾ. ಬೆಳಗ್ಗೆ, ಸಂಜೆ ಬರೆಯಬೇಕು. ಹತ್ತಿರ ಹೋಗದೆ ನೋಡಬೇಕು. ಕನ್ನಡ ಪ್ರಬಂಧ ಅರ್ಧ ಪುಟ ದಾಟದ ಹುಡುಗ ಇದರಲ್ಲಿ ಪುಟಗಟ್ಟಲೆ ಬರೆದ. ಐದನೇ ದಿನ "ಇವತ್ತು ನೀರು ಕುಡೀಲಿಲ್ಲ" ಅಂತಿತ್ತು, ಕೆಳಗೆ "ಮಳೆ ಬಂದು ಗುಂಡಿಯಲ್ಲಿ ಕುಡಿದಿತ್ತು" ಅಂತ. ಆ ಎರಡು ಸಾಲಿನ ನಡುವೆ ಅವನು ಶಾಲೆಗೆ ಓಡಿಬಂದು, ನಾನು ಡಾಕ್ಟರಿಗೆ ಫೋನ್ ಮಾಡಿ, ಎಲ್ಲರ ಎದೆ ಒಮ್ಮೆ ಹಾರಿತ್ತು.

ನಾಯಿ ಹತ್ತು ದಿನ ದಾಟಿತು.

ಉರುಳಿನ ವಿಷಯ

ಇದರಲ್ಲಿ ನನ್ನ ನಿರ್ಧಾರವನ್ನು ಒಪ್ಪದವರು ಇದ್ದಾರೆ. ಹುಡುಗನಿಗೆ ಕೊಟ್ಟ ಮಾತಿನ ಪ್ರಕಾರ ಹೆಸರು ಎಲ್ಲೂ ಹೇಳಲಿಲ್ಲ. ಆದರೆ ಉರುಳು ಇದೆ ಅನ್ನುವುದನ್ನು ಬಿಡಲೂ ಆಗುತ್ತಿರಲಿಲ್ಲ. ಹಂದಿಗೆ ಇಟ್ಟ ಉರುಳಿಗೆ ಚಿರತೆ, ಹುಲಿ ಸಿಕ್ಕಿ ಸತ್ತದ್ದು ನಮ್ಮ ಕಾಡುಗಳಲ್ಲಿ ಹೊಸದಲ್ಲ. ಅರಣ್ಯ ಇಲಾಖೆಯ ಪರಿಚಯದವರೊಬ್ಬರಿಗೆ ಆ ಅಂಚಿನಲ್ಲಿ ಉರುಳುಗಳಿವೆ ಅಂತಷ್ಟೇ ತಿಳಿಸಿ, ಒಂದೇ ಸಂದಿಗೆ ಹೋಗಬೇಡಿ, ಇಡೀ ಬೇಲಿ ಸಾಲು ಜಾಲಾಡಿ ಅಂತ ಕೇಳಿಕೊಂಡೆ. ಒಂದೇ ಜಾಗಕ್ಕೆ ಹೋಗಿದ್ದರೆ ಹೇಳಿದ್ದು ಯಾರು ಅಂತ ಊರಿಗೆ ಒಂದು ಗಂಟೆಯಲ್ಲಿ ಗೊತ್ತಾಗುತ್ತಿತ್ತು. ಅವರು ಹಾಗೇ ಮಾಡಿದರು. ಹಲವು ಉರುಳು ಸಿಕ್ಕಿದವು, ಬೇರೆ ಬೇರೆಯವರ ಹೊಲದ ಅಂಚಿನಲ್ಲಿ. ಜಾಗ ತೋರಿಸಲು ಹುಡುಗನನ್ನು ಕಳಿಸಿ ಅಂತ ಒಬ್ಬರು ಕೇಳಿದ್ದರು, ಕಳಿಸಲಿಲ್ಲ. ಮಕ್ಕಳನ್ನು ಮಾಹಿತಿದಾರರನ್ನಾಗಿ ಮಾಡಬಾರದು, ಮುಂದೆ ಆ ಊರಿನಲ್ಲಿ ಬಾಳಬೇಕಾದವನು ಅವನು.

ನಾನು ಎಣಿಸದೇ ಇದ್ದದ್ದು ಆಮೇಲೆ ನಡೆಯಿತು. ಸಿದ್ದ ತಾನಾಗಿಯೇ ಮಾವನ ಮನೆಗೆ ಹೋದ. ತಾಯಿಯೂ ಜೊತೆಗಿದ್ದರು, ಅವರೇ ನನಗೆ ಹೇಳಿದ್ದು. ಜಗಳ ಮಾಡಲಿಲ್ಲವಂತೆ. ಉರುಳಿನಿಂದ ಬಿಚ್ಚಿಟ್ಟುಕೊಂಡಿದ್ದ ಪೈಪಿನ ತುಂಡನ್ನು ಜಗಲಿ ಮೇಲೆ ಇಟ್ಟು, "ಇನ್ಮೇಕೆ ಇದಕ್ಕೆ ಟೇಪು ಸುತ್ತಾಕಿಲ್ಲ ಮಾವ" ಅಂದನಂತೆ. ಮಾವ ತುಂಡನ್ನು ನೋಡಿದ, ಹುಡುಗನ ಕೈ ನೋಡಿದ, ಎದ್ದು ಒಳಗೆ ಹೋದ. ನಾಲ್ಕು ತಿಂಗಳು ಮಾತಿರಲಿಲ್ಲ. ಆ ನಾಲ್ಕು ತಿಂಗಳು ಮನೆಗೆ ಅಕ್ಕಿಯೂ ಬರಲಿಲ್ಲ, ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ರಾತ್ರಿ ಕಾಡಿಗಿಳಿಯುವ ಗುಂಪಿನವರು ಮತ್ತೆ ಕರೆದರು. ಬೇಡ ಅನ್ನುವುದು ಆ ವಯಸ್ಸಿನವನಿಗೆ ಸುಲಭ ಅಲ್ಲ, ಹೆದರುಪುಕ್ಕ ಅಂತಾರೆ. ಇಲ್ಲಿ ಅವನಿಗೆ ನೆರವಾದದ್ದು ನಾಯಿಯ ಕುಂಟು. "ಕುಂಟ್ನಾಯಿ, ಏನಕ್ಕೂ ಬರಾಕಿಲ್ಲ ಕಣಣ್ಣೋ" ಅಂತ ನಕ್ಕು ತಪ್ಪಿಸಿಕೊಳ್ಳುತ್ತಿದ್ದ. ಮರ್ಯಾದೆಯೂ ಉಳಿಯಿತು, ಕರೆಯುವುದೂ ನಿಂತಿತು. ನಾನು ಕ್ಲಾಸಿನಲ್ಲಿ ಕಾಯ್ದೆ ಬಗ್ಗೆ ಎಷ್ಟು ಭಾಷಣ ಮಾಡಿದ್ದರೂ ಇಷ್ಟು ಕೆಲಸ ಮಾಡುತ್ತಿರಲಿಲ್ಲ.

ಇದರಿಂದ ನಾವು ಬದಲಿಸಿಕೊಂಡದ್ದು

ಕಚ್ಚಿದ ಮಗುವನ್ನು ಕೇಳುವ ಕ್ರಮ ಬದಲಾಯಿತು. ಮುಂಚೆ "ಯಾವ ನಾಯಿ, ಯಾರ ನಾಯಿ, ಎಲ್ಲಿದೆ" ಅಂತ ಶುರುಮಾಡುತ್ತಿದ್ದೆವು. ಮಗುವಿಗೆ ಅದು ಪೊಲೀಸ್ ವಿಚಾರಣೆಯ ಹಾಗೆ ಕೇಳಿಸುತ್ತೆ, ಬಾಯಿ ಮುಚ್ಚುತ್ತೆ. ರೇಬಿಸ್ ಲಕ್ಷಣ ಒಮ್ಮೆ ಶುರುವಾದರೆ ಉಳಿಸಲು ಆಗುವುದಿಲ್ಲ ಅಂತಲೇ ಹೇಳಬೇಕು, ಹಾಗಿರುವಾಗ ಮಗು ಮುಚ್ಚಿಡುವ ಒಂದೊಂದು ದಿನವೂ ದುಬಾರಿ. ಈಗ ಮೊದಲು ಗಾಯ, ಆಮೇಲೆ ನಾಯಿಗೆ ಏನೂ ಆಗುವುದಿಲ್ಲ ಅನ್ನುವ ಮಾತು, ಉಳಿದದ್ದು ನಂತರ. ಸಾಕಿದ ನಾಯಿ ಕಚ್ಚಿದಾಗ ಮಕ್ಕಳು ಹೇಳದೇ ಇರುವುದು ಜಾಸ್ತಿ, ಬೀದಿ ನಾಯಿಯದ್ದಾದರೆ ಬೇಗ ಹೇಳುತ್ತಾರೆ. ಇದು ನಾವು ಗಮನಿಸಿದ್ದು, ಲೆಕ್ಕ ಇಟ್ಟಿಲ್ಲ. ಮೊದಲು ಹೇಳಿದ ಅಡುಗೆ ಅಕ್ಕನಂಥವರನ್ನು ಆರೋಗ್ಯದ ಮಾತುಕತೆಗೆ ಕೂರಿಸಿಕೊಳ್ಳುವುದೂ ಆಗಲೇ ಶುರುವಾದದ್ದು, ಮಕ್ಕಳ ಕೈಯನ್ನು ದಿನಾ ನೋಡುವವರು ಅವರೇ.

ಸೆಪ್ಟೆಂಬರ್ 28ರ ರೇಬಿಸ್ ದಿನದ ಆಸುಪಾಸಿನಲ್ಲಿ ಪಶುಪಾಲನಾ ಇಲಾಖೆಯವರು ನಾಯಿಗಳಿಗೆ ಲಸಿಕೆ ಹಾಕುತ್ತಾರೆ. ಅದನ್ನು ಶಾಲೆಯ ಅಂಗಳದಲ್ಲೇ ಮಾಡಿಸಿದೆವು. ಅಟ್ಟಣೆ ಹುಡುಗರು ಹಗ್ಗ ಹಿಡಿದು ತಮ್ಮ ತಮ್ಮ ನಾಯಿಗಳನ್ನು ಎಳೆದುಕೊಂಡು ಬಂದರು. ಸಿದ್ದನೇ ಸಾಲು ನಿಲ್ಲಿಸಿದ್ದು.

ಬಗೆಹರಿಯದೇ ಉಳಿದದ್ದೂ ಇದೆ. ಉರುಳು ತೆಗೆದ ವರ್ಷ ಮಾವನ ಜೋಳದ ಹೊಲಕ್ಕೆ ಹಂದಿ ನುಗ್ಗಿ ಅರ್ಧ ಹೋಯಿತು. ಬೆಳೆ ಪರಿಹಾರ ಬಂತು, ಹೋದದ್ದಕ್ಕೆ ಹೋಲಿಸಿದರೆ ಕಡಿಮೆ. ಸೋಲಾರ್ ಬೇಲಿಗೆ ಸಹಾಯಧನ ಇದೆ, ರೈತ ಹಾಕಬೇಕಾದ ಪಾಲು ಅವನ ಹತ್ತಿರ ಇರಲಿಲ್ಲ. ಮರುವರ್ಷ ಅಕ್ಕಪಕ್ಕದ ಮೂರು ಹೊಲದವರು ಸೇರಿ ಹಾಕಿಸಿದರು, ಅದರಲ್ಲಿ ಸಿದ್ದನ ಅಪ್ಪ ಕೊಡಗಿನಿಂದ ಕಳಿಸಿದ ದುಡ್ಡೂ ಇತ್ತು. ಅಲ್ಲಿಗೆ ಮಾವ-ಅಳಿಯನ ಮಾತು ಮತ್ತೆ ಶುರುವಾಯಿತು, ಮೊದಲಿನಷ್ಟು ಸಲಿಗೆ ಇಲ್ಲ ಅಂತ ತಾಯಿ ಹೇಳುತ್ತಾರೆ.

ಸಿದ್ದ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದರಲ್ಲಿ ಹೋಗಿ, ಪೂರಕ ಪರೀಕ್ಷೆಯಲ್ಲಿ ಪಾಸಾದ. ಈಗ ಐಟಿಐ ಮಾಡುತ್ತಿದ್ದಾನೆ, ಎಲೆಕ್ಟ್ರಿಷಿಯನ್. ಬೇಲಿಯ ಬ್ಯಾಟರಿ ಕೆಟ್ಟರೆ ಮಾವ ಫೋನ್ ಮಾಡುವುದು ಅವನಿಗೇ. ಅಟ್ಟಣೆ ಕಾವಲು ಈಗ ತಂಗಿಯ ಪಾಲಿಗೆ ಬರಬಹುದಾ ಅಂತ ನಾನು ಕೇಳಿದ್ದಕ್ಕೆ ತಾಯಿ "ಅವಳು ಓದ್ಲಿ ಬುಡಿ ಸಾ, ನಾನೇ ಹೋಯ್ತೀನಿ" ಅಂದರು. ಬೊಮ್ಮನನ್ನು ಅವರೇ ಜೊತೆಗೆ ಕರೆದುಕೊಂಡು ಹೋಗುತ್ತಾರೆ, ಏಣಿ ಮೇಲೆ ಹೊತ್ತು ಏರಿಸುವುದು ಮಾತ್ರ ಅವರಿಂದ ಆಗುವುದಿಲ್ಲ. ಅದಕ್ಕೆ ಸಿದ್ದ ರಜೆಯಲ್ಲಿ ಬಂದು, ಅಟ್ಟಣೆಯ ಕೆಳಗೆ ತಂತಿ ಬಲೆ ಹೊಡೆದು ನಾಯಿಗೊಂದು ಗೂಡು ಮಾಡಿಕೊಟ್ಟಿದ್ದಾನೆ.